ಐದು ಮಹಡಿ ಜಾಸ್ತಿ ಆಯ್ತಲ್ವಾ?

ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇ ಊರಿನ ಯೋಜನಾ ಆಯೋಗದವರ ತಾಳ್ಮೆಗೆ ಕೈ ಮುಗಿಯಬೇಕು. ವಯಸ್ಸಾದ ಕೃಷಿ ಕಾರ್ಮಿಕರಿಗೆ 40 ಮನೆ, ಕೆಳಗಡೆ ಅವರಿಗೊಂದು ಸಹಾಯ ಕೇಂದ್ರ. ಕೆಲ್ಲಿ ಅವೆನ್ಯೂನ ಈ ಕಟ್ಟಡದ ನಕ್ಷೆ ಹಿಡಿದು 2024ರಲ್ಲಿ ಸಭೆ ಮೇಲೆ ಸಭೆ ನಡೆಸಿದರು. ಐದು ಮಹಡಿ ಜಾಸ್ತಿ ಆಯ್ತಲ್ವಾ? ಪಾರ್ಕಿಂಗ್ ಸಾಕಾಗುತ್ತಾ? ಊರಿನ ಅಂದ ಕೆಡಲ್ವಾ?

ಅಂದದ ವಿಷಯಕ್ಕೆ ಬಂದರೆ, ಮೊದಲಿದ್ದ ಏರ್ಪಾಡೇ ಚೆನ್ನಾಗಿತ್ತು. 2023ರ ಜನವರಿಯಲ್ಲಿ ಅಲ್ಲಿನ ಎರಡು ಅಣಬೆ ತೋಟಗಳಲ್ಲಿ ಏಳು ಜನ ಗುಂಡಿಗೆ ಬಲಿಯಾದರಲ್ಲ, ಆಗ ಎಲ್ಲರೂ ಕಣ್ಣು ಬಿಟ್ಟು ನೋಡಿದರು. ಕೂಲಿಯವರ ವಾಸ ಹಡಗಿನ ಸರಕು ಡಬ್ಬಿಗಳಲ್ಲಿ! ಒಂದೇ ಅಂತಸ್ತು. ಯಾರ ಕಿಟಕಿಗೂ ಅಡ್ಡ ಬರಲ್ಲ. ಪರವಾನಗಿ ಇರಲಿಲ್ಲ, ಆದ್ದರಿಂದ ಸಭೆಯ ರಗಳೆಯೂ ಇರಲಿಲ್ಲ.

ಈ ಊರಿಗೆ ದೊಡ್ಡ ಗಾತ್ರ ಕಂಡರೆ ಆಗಲ್ಲ ಅಂತೇನೂ ಇಲ್ಲ. ಪ್ರತಿ ಅಕ್ಟೋಬರ್‌ನಲ್ಲಿ ಕುಂಬಳಕಾಯಿ ತೂಗುವ ಸ್ಪರ್ಧೆ ಇಲ್ಲೇ. ಬೇ ಏರಿಯಾದ ನಮ್ಮ ಕನ್ನಡಿಗರೂ ಹೈವೇ 92ರ ಜಾಮ್‌ನಲ್ಲಿ ಕೂತು, ಮಕ್ಕಳಿಗೆ ಚಿತ್ರಾನ್ನ ತಿನ್ನಿಸುತ್ತಾ ಹೋಗಿ ಫೋಟೊ ತೆಗೆಸಿಕೊಂಡು ಬರುತ್ತಾರೆ. 2023ರಲ್ಲಿ ಗೆದ್ದ ಕಾಯಿ 2,749 ಪೌಂಡ್, ಅಂದರೆ 1,247 ಕಿಲೋ. ಆಗ ಅದು ವಿಶ್ವದಾಖಲೆ. 30,000 ಡಾಲರ್ ಬಹುಮಾನ. ಅದೂ ಹೊರಗಿನದೇ, ಮಿನೆಸೋಟದಿಂದ ಟ್ರಕ್ಕಿನ ಹಿಂದೆ ಬಂದಿತ್ತು. ಎಲ್ಲಿ ನಿಲ್ಲಿಸ್ತೀಯಪ್ಪ ಅಂತ ಯಾರೂ ಕೇಳಲಿಲ್ಲ.

ದಾಖಲೆ ಮುರಿಯದಿದ್ದರೂ ಗೆದ್ದ ಕಾಯಿಗೆ ಪೌಂಡಿಗೆ 9 ಡಾಲರ್. ಗುಂಡಿನ ದಾಳಿಯಾದ ಮೇಲೆ ಬಂದ ಗವರ್ನರ್ ನ್ಯೂಸಮ್, ಅಲ್ಲಿ ಕೆಲವರಿಗೆ ಗಂಟೆಗೆ 9 ಡಾಲರ್ ಕೂಲಿ ಸಿಗುತ್ತಿದೆ ಅಂದಿದ್ದರು. ರಾಜ್ಯದ ಕನಿಷ್ಠ ಕೂಲಿ ಆಗ 15.50. ಲೆಕ್ಕ ಸರಿಯಾಗಿದೆ ನೋಡಿ: ಒಂದು ಗಂಟೆ ಬೆನ್ನು ಬಗ್ಗಿಸಿದರೆ ಒಂದು ಪೌಂಡ್ ಕುಂಬಳಕಾಯಿಯಷ್ಟು ಬೆಲೆ.

ಕೊನೆಗೆ, ಆ 40 ಮನೆಗೆ ಅಡ್ಡ ಬಂದರೆ ಕಾನೂನು ಕ್ರಮ ಕೈಗೊಳ್ಳುತ್ತೇವೆ ಅಂತ ಗವರ್ನರೇ ಗುಡುಗಬೇಕಾಯಿತು. 2024ರ ಮೇ ತಿಂಗಳಲ್ಲಿ ಆಯೋಗ ಒಪ್ಪಿಗೆ ಕೊಟ್ಟಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳೋಕೆ ಇದಕ್ಕಿಂತ ತಕ್ಕ ಊರು ಉಂಟಾ?

ತಮಾಷೆ ಸಾಕು. ಏಳು ಹೆಣ ಬಿದ್ದು ವರ್ಷ ದಾಟಿತ್ತು. ಆಯಸ್ಸೆಲ್ಲ ಇವರ ಹೊಲದಲ್ಲಿ ಸವೆಸಿದ ಮುದುಕರಿಗೆ ಮಲಗೋಕೆ ಒಂದು ಕೋಣೆ, ಕಷ್ಟ ಹೇಳಿಕೊಳ್ಳೋಕೆ ಒಂದು ಜಾಗ ಕೇಳಿದರೆ, ಇವರು ಕೇಳಿದ್ದು ಕಾರು ಎಲ್ಲಿ ನಿಲ್ಲಿಸೋದು ಅಂತ. ನಾಚಿಕೆ ಆಗಬೇಕು.