ಹಳೇ ಬಂಗಲೆಯಲ್ಲಿ ರಿಜಿಸ್ಟರ್ ಮದುವೆ: ಅಕ್ಷತೆ ಹೊರಗಿರಲಿ

ಇಂಗ್ಲೆಂಡಿನಲ್ಲಿರುವ ನಮ್ಮವರಿಗೊಂದು ಆಸೆ: ಹಳೇ ಕಾಲದ ಬಂಗಲೆಯೊಂದನ್ನು ಹಿಡಿದು, ಒಂದೇ ಹಾಲ್‌ನಲ್ಲಿ ರಿಜಿಸ್ಟರ್ ಮದುವೆ, ಧಾರೆ ಎರಡನ್ನೂ ಮುಗಿಸಿಬಿಡೋಣ ಅಂತ. ಬಂಗಲೆ ಹಿಡಿಯಿರಿ, ಆದರೆ ಎರಡನ್ನೂ ಬೆರೆಸಬೇಡಿ.

1995ರಿಂದ ಅಲ್ಲಿ ಕೌನ್ಸಿಲ್ (ನಮ್ಮ ನಗರಸಭೆಯಂಥ ಸ್ಥಳೀಯ ಆಡಳಿತ) ಪರವಾನಗಿ ಇರುವ ಕಟ್ಟಡಗಳಲ್ಲಿ ಸಿವಿಲ್ ಮದುವೆ ಆಗಬಹುದು. ಬಾತ್ ಊರಿನ ರೋಮನ್ ಸ್ನಾನಗೃಹದಲ್ಲೂ ಆಗುತ್ತವೆ. ಆದರೆ ಅದು ಧಾರ್ಮಿಕ ವಿಧಿಯಾಗಕೂಡದು. ಭಾವಗೀತೆ ನಡೆಯುತ್ತದೆ, ಮಂಗಳಾಷ್ಟಕ ನಡೆಯದು. ಹಾಡಿನ ಇಂಗ್ಲಿಷ್ ಅರ್ಥವನ್ನು ರಿಜಿಸ್ಟ್ರಾರ್‌ಗೆ ಮೊದಲೇ ಕಳಿಸಿ. ಹಾರ ಬದಲಾಯಿಸುವುದನ್ನೂ ಕೇಳಿಕೊಳ್ಳಿ. ಹಾಗಂತ ಇದನ್ನು ಬರೀ ಸಹಿ ಹಾಕುವ ಶಾಸ್ತ್ರ ಅಂದುಕೊಳ್ಳಬೇಡಿ. ಬಂಗಲೆಯಲ್ಲಿ ಧಾರೆಯಷ್ಟೇ ಆಗಿದ್ದರೆ ಕಾನೂನಿನ ಲೆಕ್ಕದಲ್ಲಿ ಮದುವೆಯೇ ಆಗಿಲ್ಲ.

ಹೆಚ್ಚಿನವರು ಎಡವುವುದು, ಮದುವೆಯಾಗುತ್ತೇವೆಂದು ರಿಜಿಸ್ಟರ್ ಕಚೇರಿಗೆ ಮೊದಲೇ ಕೊಡಬೇಕಾದ ನೋಟಿಸಿನಲ್ಲಿ. ನೋಟಿಸ್ ಕೊಡುವ ಜಿಲ್ಲೆಯಲ್ಲಿ ಕನಿಷ್ಠ 7 ದಿನ ವಾಸವಿದ್ದು, ಇಬ್ಬರೂ ಖುದ್ದಾಗಿ ಹೋಗಿ ಕೊಡಬೇಕು. ಆಮೇಲೆ 28 ದಿನ ಕಾಯಬೇಕು. ವೀಸಾದಲ್ಲಿರುವವರಿಗೆ ಅದು 70 ದಿನಕ್ಕೂ ಹೋಗಬಹುದು. ನೋಟಿಸಿಗೆ 12 ತಿಂಗಳ ಆಯುಸ್ಸು. ಅದರಲ್ಲಿ ಜಾಗದ ಹೆಸರೂ ಇರುತ್ತದೆ, ಬಂಗಲೆ ಬದಲಾದರೆ ಮತ್ತೆ ಮೊದಲಿಂದ. ಇನ್ನೊಂದು, ಹಾಲ್ ಬುಕ್ ಆದ ಮಾತ್ರಕ್ಕೆ ರಿಜಿಸ್ಟ್ರಾರ್ ಬುಕ್ ಆದಂತಲ್ಲ. ಅವರು ಕೌನ್ಸಿಲ್‌ನವರು, ಅವರ ಶುಲ್ಕ ಬೇರೆ. ಮೊದಲು ಅವರ ಸಮಯ ಕೇಳಿ, ಆಮೇಲೆ ಬಂಗಲೆಗೆ ಅಡ್ವಾನ್ಸ್ ಕೊಡಿ. ರಾಹುಕಾಲವನ್ನು ಧಾರೆಗೆ ನೋಡಿಕೊಳ್ಳಿ. ರಿಜಿಸ್ಟ್ರಾರ್‌ಗೆ ಅದೇ ದಿನ ಬೇರೆ ಮದುವೆಗಳೂ ಇರುತ್ತವೆ, ಮದುಮಗಳ ಜಡೆ ಮುಗಿಯಲಿ ಅಂತ ಕಾಯುತ್ತಾ ಕೂರುವವರಲ್ಲ.

ಇನ್ನು ಅಕ್ಷತೆ. ಬಾತ್ ಸೀಮೆಯ ಹಳೇ ಬಂಗಲೆಗಳ ಕಲ್ಲು ಮೆದುವಾದ ಸುಣ್ಣಕಲ್ಲು, ಬಣ್ಣ ಹೀರುತ್ತದೆ. ಅರಿಶಿನ ಹಚ್ಚಿದ ಒಂದು ಅಕ್ಕಿಕಾಳು ಚಪ್ಪಲಿಯ ಹಿಮ್ಮಡಿಗೆ ಸಿಕ್ಕಿ ಅರೆದರೆ ಹಳದಿ ಕಲೆ ಕೂತಿತೆಂದೇ ಲೆಕ್ಕ. ಗಾಬರಿಯಾಗಿ ಸೋಪು ಹಾಕಿ ಉಜ್ಜಿದರೆ ಅದೇ ಕಲೆ ಕೆಂಪಗಾಗುತ್ತದೆ. ಅರಿಶಿನಕ್ಕೆ ಸುಣ್ಣ ಕದಡಿ ಆರತಿ ನೀರು ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಅಕ್ಷತೆ, ಕುಂಕುಮ, ದೀಪದ ಎಣ್ಣೆ ಮೂರೂ ಹಾಲ್‌ನೊಳಗೆ ಬೇಡ. ಮಂಟಪ ಕಟ್ಟುವವರಿಗೂ ಹೇಳಿಡಿ: ಹಳೇ ಮರದ ಗೋಡೆಗೆ ಮೊಳೆ, ಟೇಪು ಎರಡೂ ಕೂಡದು, ಅದರದೇ ಕಾಲಿನ ಮೇಲೆ ನಿಲ್ಲುವ ಮಂಟಪ ತರಲಿ.

ಹೋಮವನ್ನು ಹುಲ್ಲುಹಾಸಿನ ಮೇಲೆ ಇಟ್ಟುಕೊಳ್ಳಿ. ಕುಂಡದಡಿ ಇಟ್ಟಿಗೆ, ಮರಳು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್. ಬಂಗಲೆಯವರ ಒಪ್ಪಿಗೆ ಫೋನಿನಲ್ಲಿ ಸಿಕ್ಕಿದ್ದರೂ ಬರವಣಿಗೆಯಲ್ಲಿ ತಗೊಳ್ಳಿ. ಹೊಗೆ ಒಳಗೆ ನುಗ್ಗಿ ಅಲಾರಂ ಕೂಗಿಕೊಂಡರೆ ಸಪ್ತಪದಿಯ ಮಧ್ಯದಲ್ಲೇ ಎಲ್ಲರೂ ಆಚೆ ನಡೆಯಬೇಕಾಗುತ್ತದೆ, ಪುರೋಹಿತರೂ ಸೇರಿ.