ಒಂಥರಾ ಅಂದ್ರೆ ಯಾವ ಥರ?

ಬೆಂಗಳೂರಿಗೆ ಬಂದಾಗಲೆಲ್ಲ ಹಳೇ ಸಹಪಾಠಿಯ ಒಪಿಡಿಯಲ್ಲಿ ಒಂದು ಬೆಳಗ್ಗೆ ಕೂರುವುದು ನನಗೊಂದು ಚಟ. ಅವನು ಇಲ್ಲಿನ ಆಸ್ಪತ್ರೆಯೊಂದರಲ್ಲಿ ಮೆಡಿಸಿನ್ ಪ್ರೊಫೆಸರ್. ನಾನು 16 ವರ್ಷದಿಂದ ಇಂಗ್ಲೆಂಡಿನಲ್ಲಿ ಡಾಕ್ಟರು. ಅಲ್ಲಿ ಮೆಡಿಕಲ್ ಹುಡುಗರಿಗೆ ಪಾಠವನ್ನೂ ಹೇಳುತ್ತೇನೆ.

ಈ ಸಲ ಒಬ್ಬ ಆಟೋ ಡ್ರೈವರ್ ಬಂದಿದ್ದರು. ಐವತ್ತು ದಾಟಿದ ವಯಸ್ಸು, ಶುಗರ್ ಇದೆ. "ಗ್ಯಾಸ್ಟ್ರಿಕ್ ಸಾರ್. ಎರಡು ದಿನದಿಂದ ಎದೆ ಹತ್ರ ಒಂಥರಾ ಆಗುತ್ತೆ" ಅಂದರು. ಫೈನಲ್ ಇಯರ್ ಹುಡುಗಿಯೊಬ್ಬಳು ಅವರನ್ನು ವಿಚಾರಿಸಿ ಬಂದು ಇಂಗ್ಲಿಷಿನಲ್ಲಿ ಪಟಪಟನೆ ಒಪ್ಪಿಸಿದಳು: ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ಗ್ಯಾಸ್ಟ್ರೈಟಿಸ್ ಇರಬಹುದು. ಉರಿ ಅಂತ ಆ ಮನುಷ್ಯ ಹೇಳಿಯೇ ಇರಲಿಲ್ಲ! 'ಒಂಥರಾ' ಅನ್ನುವುದಕ್ಕೆ ಕೇಸ್ ಶೀಟಿನಲ್ಲಿ ಜಾಗವಿಲ್ಲ. ಅದಕ್ಕೆ ಹೊಂದುವ ಇಂಗ್ಲಿಷ್ ಪದ ಹುಡುಕುವಾಗಲೇ ಅವಳು ರೋಗವನ್ನೂ ತೀರ್ಮಾನ ಮಾಡಿಬಿಟ್ಟಿದ್ದಳು.

ಗೆಳೆಯ "ಯಾವಾಗ ಜಾಸ್ತಿ ಆಗುತ್ತಪ್ಪಾ?" ಅಂತ ಕೇಳಿದ. ಮೆಟ್ಟಿಲು ಹತ್ತುವಾಗ, ಬೆವರೂ ಬರುತ್ತೆ ಅಂದರು. "ಇಸಿಜಿ" ಅಂದ. ಇಸಿಜಿಯಲ್ಲಿ ವ್ಯತ್ಯಾಸ ಇತ್ತು, ಹೃದಯದ ವಿಭಾಗಕ್ಕೆ ಕಳಿಸಿದ. ಮುಂದಿನ ಚೀಟಿ.

ತಾನು ತಪ್ಪಿದೆ ಅಂತ ಹುಡುಗಿಗೆ ಗೊತ್ತಾಯಿತು. ಎಲ್ಲಿ ತಪ್ಪಿದೆ ಅಂತ ಗೊತ್ತಾಗಲಿಲ್ಲ. ಶುಗರ್ ಇರುವವರಿಗೆ ಹಾರ್ಟ್ ಅಟ್ಯಾಕ್‌ನ ನೋವು ಸರಿಯಾಗಿ ಕಾಣಿಸಿಕೊಳ್ಳದೇ ಇರಬಹುದು. ಹೃದಯದ ಕೆಳಭಾಗದ ತೊಂದರೆ ಹೊಟ್ಟೆ ನೋವಿನ ವೇಷ ಹಾಕಬಹುದು. ಇದೆಲ್ಲ ಗೆಳೆಯನ ತಲೆಯಲ್ಲಿ ಎರಡು ಸೆಕೆಂಡಿನಲ್ಲಿ ಓಡಿತ್ತು. ಬಾಯಿಂದ ಬಂದದ್ದು ಮಾತ್ರ 'ಇಸಿಜಿ' ಅನ್ನುವ ಒಂದು ಪದ. ನಾವಿಬ್ಬರೂ ಕಲಿತದ್ದು ಹೀಗೇ ಅಲ್ವಾ? ಮೇಷ್ಟ್ರ ಪಕ್ಕ ನಿಂತು, ಮಾಡಿದ್ದನ್ನು ನೋಡಿ, ಯಾಕೆ ಅನ್ನುವುದನ್ನು ನಾವೇ ಊಹಿಸಿಕೊಂಡು. ವರ್ಷಗಟ್ಟಲೆ ಹಿಡಿಯಿತು.

ಇಂಗ್ಲೆಂಡಿನಲ್ಲಿ ನನ್ನಿಂದ ಬಾಯಿ ಬಿಡಿಸಿದರು. ಯೋಚನೆಯನ್ನು ಹುಡುಗರ ಮುಂದೆ ಜೋರಾಗಿ ಮಾಡಬೇಕು, ಅವರ ಕೈಲೂ ಮಾಡಿಸಬೇಕು. ಅಮೆರಿಕದ ಫ್ಯಾಮಿಲಿ ಮೆಡಿಸಿನ್ ಮೇಷ್ಟ್ರುಗಳು 1992ರಲ್ಲಿ ಬರೆದಿಟ್ಟ, ಪಾಠ ಹೇಳುವ ಐದು ಹೆಜ್ಜೆಗಳ ಒಂದು ಕ್ರಮವಿದೆ, 'ಒನ್ ಮಿನಿಟ್ ಪ್ರಿಸೆಪ್ಟರ್' ಅಂತ ಕರೆಯುತ್ತಾರೆ. ನಾನು ದಿನಾ ಬಳಸುವುದು ಅದರ ಮೊದಲ ಎರಡನ್ನೇ. ನಿನಗೇನು ಅನಿಸುತ್ತೆ, ಹೇಳಿಬಿಡು. ಯಾಕೆ ಹಾಗನಿಸಿತು? ಮೂರನೆಯದು ನಾನೇ ಸೇರಿಸಿಕೊಂಡದ್ದು: ಯಾವುದನ್ನು ಮರೆತರೆ ಈ ಮನುಷ್ಯ ಇವತ್ತು ರಾತ್ರಿ ಸಾಯಬಹುದು?

ಹಾಗಂತ ಅಲ್ಲಿನದೆಲ್ಲ ಚಿನ್ನವಲ್ಲ. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಿಂದ ಬಂದ, ಹುಡುಗರು ರೋಗಿಯನ್ನು ನೋಡುವ ರೀತಿಯನ್ನು ಅಳೆಯುವ ಓಸ್ಕಿ ಪರೀಕ್ಷೆಯಲ್ಲಿ ಎಷ್ಟೋ ಸಲ ರೋಗಿಯ ಪಾತ್ರಕ್ಕೆ ನಟರು ಬರುತ್ತಾರೆ. ಎದೆಯ ಮೇಲೆ ಭಾರ ಇಟ್ಟ ಹಾಗಿದೆ, ಎಡಗೈಗೆ ಹರಿಯುತ್ತೆ ಅಂತ ಪುಸ್ತಕದಲ್ಲಿದ್ದ ಹಾಗೇ ಹೇಳುತ್ತಾರೆ. ಯಾವ ನಟನೂ 'ಒಂಥರಾ' ಅನ್ನುವುದಿಲ್ಲ. ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರದಲ್ಲಿ ಕಚ್ಚಿದ ಕಡೆ ಆಗುವ ಕಪ್ಪು ಗಾಯವನ್ನು ನನ್ನ ಹುಡುಗರು ಫೋಟೋದಲ್ಲಷ್ಟೇ ನೋಡಿದ್ದಾರೆ. ಬೆಂಗಳೂರಿನವರು ರೋಗಿಯ ಕೈ ಎತ್ತಿಸಿ ಕಂಕುಳಲ್ಲಿ ಹುಡುಕುತ್ತಾರೆ. ನಿಜ ಹೇಳಬೇಕೆಂದರೆ, ನನಗೆ ಹೊಟ್ಟೆಕಿಚ್ಚು.

ಆದರೆ ಇಲ್ಲಿನ ಹುಡುಗರ ಅರ್ಧ ಮನಸ್ಸು ಮುಂದಿನ ಓದಿನ ಸೀಟಿಗೆ ಬರೆಯುವ ನೀಟ್ ಪಿಜಿ ಪರೀಕ್ಷೆಯ 200 ಪ್ರಶ್ನೆಗಳ ಮೇಲೆ. ಅಲ್ಲಿ ನಾಲ್ಕು ಉತ್ತರ ಮೊದಲೇ ಕೊಟ್ಟಿರುತ್ತಾರೆ. ಆಟೋ ಡ್ರೈವರ್ ಕೊಟ್ಟದ್ದು ಒಂದೇ, ಅದೂ ತಪ್ಪು. 2019ರಲ್ಲಿ ಬಂದ ಎಂಬಿಬಿಎಸ್‌ನ ಹೊಸ ಪಠ್ಯಕ್ರಮ ಮೊದಲ ವರ್ಷದಿಂದಲೇ ರೋಗಿಗಳ ಹತ್ತಿರ ಕಳಿಸಿ ಅನ್ನುತ್ತದೆ. ಒಳ್ಳೇದೇ. ಆದರೆ ಹತ್ತಿರ ನಿಂತವರಿಗೆ ಮೇಷ್ಟ್ರ ತಲೆಯೊಳಗಿನದು ಕೇಳಿಸಬೇಕಲ್ಲ.

ಸಂಜೆ ಗಾಂಧಿ ಬಜಾರಿನಲ್ಲಿ ಬೈ ಟು ಕಾಫಿ ಕುಡಿಯುತ್ತಾ ಗೆಳೆಯನಿಗೆ ಇದನ್ನೇ ಹೇಳಿದೆ. ಅವನಿಗೆ ರೇಗಿತು. "ನಿಂಗೇನಪ್ಪ, ಬೆಳಗ್ಗೆಗೆ ಹತ್ತು ರೋಗಿ. ಮಧ್ಯಾಹ್ನ ಒಂದು ಗಂಟೆಯೊಳಗೆ ನೂರು ಚೀಟಿ ಮುಗಿಸಿ ನೋಡು, ಆಮೇಲೆ ಜೋರಾಗಿ ಯೋಚನೆ ಮಾಡುವಂತೆ."

ಅವನು ಹೇಳಿದ್ದು ಸುಳ್ಳಲ್ಲ. ನೂರಕ್ಕೂ ಬೇಡ, ದಿನಕ್ಕೆ ಒಬ್ಬರ ಮುಂದೆ ಮಾಡು ಅಂದೆ. ರೋಗಿ ಹೇಳಿದ ಮಾತನ್ನು ಹುಡುಗರು ಮೊದಲು ಕನ್ನಡದಲ್ಲೇ ಹೇಳಲಿ, ಇಂಗ್ಲಿಷ್ ಆಮೇಲೆ. ಸ್ವಲ್ಪ ಹೊತ್ತು ಲೋಟ ತಿರುಗಿಸುತ್ತಾ ಕೂತ.

"ಗುರುವಾರ ರಶ್ ಕಮ್ಮಿ ಇರುತ್ತೆ, ನೋಡೋಣ" ಅಂದ. ಕಾಫಿ ದುಡ್ಡು ಮಾತ್ರ ನನ್ನ ಕೈಲೇ ಕೊಡಿಸಿದ.