ಕಲ್ಲಿನ ಮುಂದೆಯೇ ತಿದ್ದಬೇಕು

ಒದ್ದೆ ಕಾಗದ, ಬ್ರಷ್ಷು, ಮಸಿ. ಊರಲ್ಲೊಂದು ಶಾಸನ ಸಿಕ್ಕಿತೆಂದರೆ ಅದರ ಪಡಿಯಚ್ಚು, ಅಂದರೆ ಕಾಗದದ ಮೇಲಿನ ನಕಲು, ತೆಗೆಯಲು ನಮ್ಮಲ್ಲಿ ಮೊದಲು ಹೊರಬರುವ ಸಾಮಾನುಗಳು ಇವು. ಇಲ್ಲಿ ಈಜಿಪ್ಟಿನ ಲಕ್ಸಾರ್‌ನಲ್ಲಿ, ನೈಲ್ ನದಿಯ ಪಶ್ಚಿಮ ದಂಡೆಯ ಮೆದಿನೆತ್ ಹಬು ದೇವಾಲಯದಲ್ಲಿ ಇವನ್ನು ಹಿಡಿದು ಗೋಡೆಯ ಹತ್ತಿರ ಸುಳಿಯುವ ಹಾಗಿಲ್ಲ.

ಇದು ಬರೀ ಬಿಗುಮಾನವಲ್ಲ. ಮೂರನೆಯ ರಾಮ್ಸೆಸ್ ಕಟ್ಟಿಸಿದ ಈ ಗೋಡೆ ಮರಳುಗಲ್ಲಿನದು, ಮೇಲೆ ಅಲ್ಲಲ್ಲಿ 3,000 ವರ್ಷದ ಹಿಂದಿನ ಬಣ್ಣ ಇನ್ನೂ ಉಳಿದಿದೆ. ರಾಜರ ಕಣಿವೆಯಲ್ಲಿರುವ ಮೊದಲನೆಯ ಸೇತಿಯ ಗೋರಿಯಲ್ಲಿ 19ನೆಯ ಶತಮಾನದವರು ಒದ್ದೆ ಕಾಗದದ ಅಚ್ಚು ತೆಗೆದಾಗ ಕಾಗದದ ಜೊತೆ ಬಣ್ಣವೂ ಎದ್ದು ಬಂತು. ಸಾಲದ್ದಕ್ಕೆ ಉಪ್ಪಿನ ಕಾಟ. 1970ರಲ್ಲಿ ಅಸ್ವಾನ್ ಹೈ ಡ್ಯಾಂ ಮುಗಿದ ಮೇಲೆ ಹೊಲಗಳಿಗೆ ವರ್ಷಪೂರ್ತಿ ನೀರು ಹರಿದು ಅಂತರ್ಜಲ ಮೇಲೇರಿತು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಕಲ್ಲು ನೀರು ಹೀರುತ್ತದೆ. ಆ ನೀರು ಆರುವ ಕಡೆ ಉಪ್ಪು ಹರಳುಗಟ್ಟಿ, ಕೆತ್ತನೆಯ ಮೇಲ್ಪದರವನ್ನು ಒಳಗಿನಿಂದಲೇ ತಳ್ಳಿ ಉದುರಿಸುತ್ತದೆ. ನಮ್ಮ ಗ್ರಾನೈಟ್ ತಡೆದುಕೊಳ್ಳುವ ಬ್ರಷ್ಷಿನ ಏಟನ್ನು ಇಂಥ ಕಲ್ಲು ತಡೆಯದು.

ಪಡಿಯಚ್ಚನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಕಲ್ಲನ್ನು ತೊಳೆದು, ನೆನೆಸಿದ ಕಾಗದ ಹರಡಿ, ಗಾಳಿಗುಳ್ಳೆ ಉಳಿಯದಂತೆ ಬಡಿದು ಅಕ್ಷರದ ಗುಳಿಯೊಳಗೆ ಕೂರಿಸಬೇಕು. ಅರೆಬರೆ ಆರಿದಾಗ ಬಟ್ಟೆಯ ಉಂಡೆಯಿಂದ ಮಸಿ ತಟ್ಟಿದರೆ ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ನಿಲ್ಲುತ್ತದೆ. ಕಾಗದ ತೀರಾ ಒದ್ದೆಯಿದ್ದರೆ ಮಸಿ ಅದನ್ನು ದಾಟಿ ಕಲ್ಲಿಗೆ ಅಂಟುತ್ತದೆ. ತೀರಾ ಒಣಗಿದ್ದರೆ ಕಾಗದ ಗುಳಿಯಿಂದ ಮೇಲೆದ್ದು ಅಂಚು ಮಸುಕಾಗುತ್ತದೆ. ಗಾಳಿ ಬೀಸಿತೋ, ಎಲ್ಲ ಮೊದಲಿನಿಂದ. ಆದರೂ ವೇಗದಲ್ಲಿ ಇದಕ್ಕೆ ಸಾಟಿಯಿಲ್ಲ. ನಮ್ಮ ಶಾಸನಗಳನ್ನು ಸಂಗ್ರಹಿಸಿದ ಬಿ. ಎಲ್. ರೈಸ್ ಅವರ ಕಾಲದ, ‘ಎಪಿಗ್ರಾಫಿಯಾ ಕರ್ನಾಟಿಕ’ ಎಂಬ ಶಾಸನಮಾಲೆಯ 12 ಸಂಪುಟಗಳು 1886ರಲ್ಲಿ ಶುರುವಾಗಿ 1905ರ ಹೊತ್ತಿಗೆ ಮುಗಿದವು. ಮೆದಿನೆತ್ ಹಬುವಿನ ಕೆತ್ತನೆಗಳ ಮೊದಲ ಸಂಪುಟ ಬಂದದ್ದು 1930ರಲ್ಲಿ. ಅಲ್ಲಿನ ಕೆಲಸ ಆಮೇಲೂ ದಶಕಗಟ್ಟಲೆ ಮುಗಿಯಲಿಲ್ಲ.

ಪಡಿಯಚ್ಚಿನ ತೊಂದರೆ ಏನೆಂದರೆ, ಮಸಿಗೆ ಅಕ್ಷರವೂ ಒಂದೇ, ಬಿರುಕೂ ಒಂದೇ. ಚಕ್ಕೆ ಎದ್ದ ಗುಳಿ ಕಾಗದದ ಮೇಲೆ ಅನುಸ್ವಾರದ ಹಾಗೇ ಕಾಣುತ್ತದೆ. ಅದು ಸೊನ್ನೆಯೋ ಗಾಯವೋ ಎಂದು ಹೇಳಬೇಕಾದವರು ಎಷ್ಟೋ ಸಲ ಕಲ್ಲಿನಿಂದ ನೂರಾರು ಕಿಲೋಮೀಟರ್ ದೂರದಲ್ಲಿ ಮೇಜಿನ ಮುಂದೆ ಕೂತಿರುತ್ತಾರೆ.

ಇದಕ್ಕೆ 1924ರಲ್ಲಿ ಶುರುವಾದ ಷಿಕಾಗೊ ಹೌಸ್, ಅಂದರೆ ಷಿಕಾಗೊ ವಿಶ್ವವಿದ್ಯಾಲಯದ ಲಕ್ಸಾರ್ ಕೇಂದ್ರ, ಹಿಡಿದ ದಾರಿ ಬೇರೆ. ಡಿಜಿಟಲ್ ಉಪಕರಣ ಬರುವ ಮುಂಚಿನ ಅದರ ಕ್ರಮ ಹೀಗೆ. ಗೋಡೆಗೆ ಸಮಾನಾಂತರವಾಗಿ ಕ್ಯಾಮೆರಾ ನಿಲ್ಲಿಸಿ ದೊಡ್ಡ ನೆಗೆಟಿವ್‌ನಲ್ಲಿ ಫೋಟೊ ತೆಗೆಯುತ್ತಾರೆ. ಅದನ್ನು ಹಿಗ್ಗಿಸಿ ಮುದ್ರಿಸಿ ಹಲಗೆಗೆ ಹಚ್ಚಿ, ಕಲಾವಿದರು ಗೋಡೆಯ ಮುಂದೆ ಏಣಿ ಹತ್ತಿ, ಕಂಡ ಗೆರೆಯನ್ನೆಲ್ಲ ಫೋಟೊದ ಮೇಲೆಯೇ ಪೆನ್ಸಿಲ್‌ನಿಂದ ಎಳೆಯುತ್ತಾರೆ. ನೆರಳಿನ ಮೂಲೆಗೆ ಕನ್ನಡಿಯಿಂದ ಓರೆಬಿಸಿಲು ಹಾಯಿಸುತ್ತಾರೆ. ಆಮೇಲೆ ಶಾಯಿ ತಿದ್ದಿ, ಅಯೋಡಿನ್ ದ್ರಾವಣದಲ್ಲಿ ಅದ್ದಿದರೆ ಫೋಟೊ ಅಳಿದು ಗೆರೆ ಮಾತ್ರ ಉಳಿಯುತ್ತದೆ. ಬೆಳಕು ಎಡ ಮೇಲಿನಿಂದ ಬರುತ್ತದೆಂದು ಇಟ್ಟುಕೊಂಡು ನೆರಳಿನ ಅಂಚನ್ನು ದಪ್ಪಗೆ ಬರೆಯುವುದು ಕ್ರಮ: ಉಬ್ಬುಗೆತ್ತನೆಯಾದರೆ ಬಲಕ್ಕೆ ಮತ್ತು ಕೆಳಗೆ, ತಗ್ಗುಗೆತ್ತನೆಯಾದರೆ ಎಡಕ್ಕೆ ಮತ್ತು ಮೇಲೆ. ಹೀಗಾಗಿ ಕೆತ್ತನೆ ಉಬ್ಬೋ ತಗ್ಗೋ ಎಂಬುದನ್ನು ಗೆರೆಯ ದಪ್ಪವೇ ಹೇಳುತ್ತದೆ.

ಇಷ್ಟಾದರೂ ಅದು ಕರಡೇ. ಚಿತ್ರದ ನೀಲಿ ಪ್ರತಿಯನ್ನು ತುಂಡು ಮಾಡಿ ಬಿಳಿ ಹಾಳೆಗಳಿಗೆ ಅಂಟಿಸಿ, ಲಿಪಿ ಬಲ್ಲವರೊಬ್ಬರು ಗೋಡೆಯ ಮುಂದೆ ಗೆರೆಗೆರೆಯನ್ನೂ ತಾಳೆ ನೋಡಿ ಅಂಚಿನಲ್ಲಿ ತಿದ್ದುಪಡಿ ಬರೆಯುತ್ತಾರೆ. ಎರಡನೆಯವರು ಬಂದು ಮೊದಲನೆಯವರನ್ನು ತಿದ್ದುತ್ತಾರೆ. ಇಬ್ಬರೂ ಜಗಳಾಡಿ ಒಪ್ಪಿದ್ದನ್ನು ಕಲಾವಿದರು ಮತ್ತೆ ಗೋಡೆಯ ಮುಂದೆ ಪರೀಕ್ಷಿಸುತ್ತಾರೆ. ಕೊನೆಗೆ ನಿರ್ದೇಶಕರ ಸರದಿ. ನಾವು ಇಲ್ಲಿಂದ ತರಬೇಕಾದದ್ದು ಇದನ್ನೇ, ಕ್ಯಾಮೆರಾವನ್ನಲ್ಲ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಶಾಸನಗಳ 3ಡಿ ಸ್ಕ್ಯಾನಿಂಗ್ ಮಾಡುತ್ತಿರುವುದು ದೊಡ್ಡ ಕೆಲಸ. ಸವೆದ ಅಕ್ಷರವೂ ಪರದೆಯ ಮೇಲೆ ಏಳುತ್ತದೆ. ಆದರೆ ಸ್ಕ್ಯಾನರ್ ಕೂಡ ಗಾಯವನ್ನೂ ಸೊನ್ನೆಯನ್ನೂ ಒಂದೇ ನಿಷ್ಠೆಯಿಂದ ಅಳೆಯುತ್ತದೆ.

ಕಲ್ಲು ಎತ್ತುವ ವಿಷಯಕ್ಕೆ ಬಂದರೆ ಲಕ್ಸಾರ್‌ನದೇ ಕಾರ್ನಾಕ್ ದೇವಾಲಯದ ತಪ್ಪೇ ಒಳ್ಳೆಯ ಪಾಠ. ರಾಜ ಅಖೆನಾತೆನ್‌ನ ಗುಡಿಗಳ ಸಣ್ಣ ಕಲ್ಲುಗಳನ್ನು, ಸುಮಾರು 52×26×24 ಸೆಂ.ಮೀ.ನ ‘ತಲತಾತ್’ಗಳನ್ನು, ಮುಂದಿನ ರಾಜರು ಕಿತ್ತು ಹೆಬ್ಬಾಗಿಲ ಗೋಪುರಗಳ ಹೊಟ್ಟೆಗೆ ತುಂಬಿದರು. ಮೊದಮೊದಲು ಹೊರತೆಗೆದವರು ಯಾವುದರ ಪಕ್ಕ ಯಾವುದಿತ್ತೆಂದು ಸರಿಯಾಗಿ ಬರೆದಿಡಲಿಲ್ಲ. 1966ರಿಂದ ಸಾವಿರಾರು ಫೋಟೊಗಳ ವಿವರವನ್ನು ಕಂಪ್ಯೂಟರಿಗೆ ಉಣಿಸಿ ಜೋಡಿ ಹುಡುಕಬೇಕಾಯಿತು. ಒಂಬತ್ತನೆಯ ಗೋಪುರ ಬಿಚ್ಚುವಾಗ ಪ್ರತಿ ಕಲ್ಲಿನ ಜಾಗ ಗುರುತಿಸಿದ್ದರಿಂದ 283 ಕಲ್ಲುಗಳ ಒಂದು ಗೋಡೆಯೇ ಮತ್ತೆ ಕೂಡಿ ಬಂದು ಲಕ್ಸಾರ್ ಮ್ಯೂಸಿಯಂನಲ್ಲಿ ನಿಂತಿದೆ. ನಮ್ಮ ಸನ್ನತಿಯ ಅಶೋಕ ಶಾಸನವೂ ಮರುಬಳಕೆಯ ಕಲ್ಲೇ: 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ ವಿಗ್ರಹದ ಪೀಠವಾಗಿ ಸಿಕ್ಕಿತು, ನಡುವೆ ಕೊರೆದ ತೂತಿನಲ್ಲಿ ಅಕ್ಷರಗಳು ಹೋಗಿದ್ದವು. ಹಳೆಯ ಗುಡಿ ಬಿಚ್ಚಿ ಕಟ್ಟುವ ಜೀರ್ಣೋದ್ಧಾರಗಳಲ್ಲಿ ಕಲ್ಲಿಗೆ ನಂಬರು ಬರೆಯುತ್ತಾರೆ, ಸರಿ. ಒಳತುಂಬಿದ ಕಲ್ಲುಗಳಿಗೂ ಬರೆಯಬೇಕು.

ಬಿಡಿ ಕಲ್ಲುಗಳನ್ನು ಇಲ್ಲಿ ನೆಲಕ್ಕೆ ತಾಗಿಸುವುದಿಲ್ಲ. ಇಟ್ಟಿಗೆಯ ಕಟ್ಟೆ ಕಟ್ಟಿ, ತೇವ ಏರದಂತೆ ತಡೆಪದರ ಹಾಸಿ, ಅದರ ಮೇಲಿಡುತ್ತಾರೆ. ಅದರ ಹೆಸರು ಮಸ್ತಬಾ, ಅರಬ್ಬಿಯಲ್ಲಿ ನಮ್ಮ ಜಗಲಿಯೇ. ನಮ್ಮೂರುಗಳಲ್ಲಿ ವೀರಗಲ್ಲನ್ನು ಉಳಿಸುವ ಉತ್ಸಾಹದಲ್ಲಿ ಗುಡಿಯ ಮುಂದೆ ಗುಂಡಿ ತೋಡಿ ಸಿಮೆಂಟಿನಲ್ಲಿ ನೆಟ್ಟುಬಿಡುತ್ತಾರೆ. ಕೊನೆಯ ಎರಡು ಸಾಲು, ಬರೆದವನ ಹೆಸರಿದ್ದರೆ ಅದೂ ಸೇರಿ, ಒಳಗೆ ಹೋಗುತ್ತದೆ. ನೆಡಲೇಬೇಕಿದ್ದರೆ ಮೊದಲು ಬುಡದವರೆಗೂ ಫೋಟೊ ತೆಗೆದು, ಕೆತ್ತನೆ ಮುಗಿದು ಒಂದು ಗೇಣು ಖಾಲಿ ಕಲ್ಲು ಮೇಲೆ ಕಾಣುವ ಹಾಗೆ ನಿಲ್ಲಿಸಿ, ಸುತ್ತ ಸಿಮೆಂಟಿನ ಬದಲು ಜಲ್ಲಿ ತುಂಬಿದರೆ ಸಾಕು.